ನಾಲ್ಕು ಉಂಗುರಗಳ ಹಿಂದಿನ ಕಥೆ: ಹೆಸರು ಕಳೆದುಕೊಂಡವನು ಕಟ್ಟಿದ ‘ಆಡಿ’

1985ರ ಮಾರ್ಚ್ 10. ಮೆಲ್ಬರ್ನ್ ಮೈದಾನದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕ್ರಿಕೆಟ್ ಟೂರ್ನಿಯ ಫೈನಲ್. ಸುನಿಲ್ ಗಾವಸ್ಕರ್ ನಾಯಕತ್ವದ ಭಾರತ ತಂಡ ಪಾಕಿಸ್ತಾನವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿತು. ಬೆಂಗಳೂರಿನ ಸದಾನಂದ ವಿಶ್ವನಾಥ್ ವಿಕೆಟ್ ಹಿಂದೆ ನಿಂತು ಜಾವೇದ್ ಮಿಯಾಂದಾದ್ ಅವರನ್ನು ಸ್ಟಂಪ್ ಮಾಡಿದ್ದು ಇದೇ ಪಂದ್ಯದಲ್ಲಿ. ಆದರೆ ಆ ಪಂದ್ಯದ ಸ್ಕೋರು ಎಷ್ಟೆಂದು ಕೇಳಿದರೆ ತಡವರಿಸುವವರೂ ಒಂದು ದೃಶ್ಯವನ್ನು ಮರೆತಿಲ್ಲ. ‘ಚಾಂಪಿಯನ್ ಆಫ್ ಚಾಂಪಿಯನ್ಸ್’ ಎನಿಸಿದ ರವಿಶಾಸ್ತ್ರಿ ಅವರಿಗೆ ಬಹುಮಾನವಾಗಿ ದೊರೆತ ಕಾರಿನ ಒಳಗೆ, ಮೇಲೆ, ಬಾನೆಟ್ಟಿನ ಮೇಲೆ ಇಡೀ ತಂಡ ಹತ್ತಿ ಕುಳಿತು ಮೈದಾನ ಸುತ್ತಿದ ದೃಶ್ಯವದು. ಆ ಕಾರು ಆಡಿ 100.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ನಡುವೆ ಮಾರುತಿ 800 ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲ. ‘ಆಡಿ’ ಎಂಬ ಹೆಸರನ್ನು ಅಸಂಖ್ಯ ಭಾರತೀಯರು ಮೊದಲ ಬಾರಿಗೆ ಕೇಳಿದ್ದು ಆ ದಿನವೇ. (ಅದೇ ಕಾರನ್ನು 2022ರಲ್ಲಿ ಮುಂಬೈಯಲ್ಲಿ ಸಂಪೂರ್ಣವಾಗಿ ದುರಸ್ತಿಗೊಳಿಸಿ ಶಾಸ್ತ್ರಿ ಅವರಿಗೆ ಹಿಂದಿರುಗಿಸಲಾಯಿತು.) ನಮ್ಮವರಿಗೆ ಹೆಸರು ಹೊಸದಾಗಿತ್ತು, ನಿಜ. ಕುತೂಹಲದ ಸಂಗತಿಯೆಂದರೆ, ಕಂಪೆನಿಗೂ ಆ ಹೆಸರು ಒಂದರ್ಥದಲ್ಲಿ ಹೊಸದೇ. ‘ಆಡಿ ಎಜಿ’ ಎಂಬ ಚುಟುಕು ನಾಮಧೇಯವನ್ನು ಅದು ಅಧಿಕೃತವಾಗಿ ಧರಿಸಿದ್ದು ಅದೇ 1985ರಲ್ಲಿ. ಅಲ್ಲಿಯವರೆಗೆ ಅದು ‘ಆಡಿ ಎನ್‌ಎಸ್‌ಯು ಆಟೊ ಯೂನಿಯನ್ ಎಜಿ’ ಎಂಬ, ಹಳೆಯ ಆಸ್ತಿ ವಿಭಾಗದ ಪತ್ರವನ್ನು ನೆನಪಿಸುವಂಥ ಉದ್ದನೆಯ ಹೆಸರನ್ನು ಹೊತ್ತುಕೊಂಡಿತ್ತು.

ಐಷಾರಾಮಿ ಕಾರು ಎಂದೊಡನೆ ನಾವು ಅಖಂಡವಾದ ಪರಂಪರೆಯೊಂದನ್ನು ಊಹಿಸಿಕೊಳ್ಳುತ್ತೇವೆ. ಮರ್ಸಿಡಿಸ್ ಬೆಂಜ್ ವಿಷಯದಲ್ಲಿ ಈ ಊಹೆ ಬಹುಮಟ್ಟಿಗೆ ಸರಿ. ಮೋಟಾರು ಕಾರಿನ ಹುಟ್ಟಿನೊಂದಿಗೇ ಬೆಸೆದುಕೊಂಡ ಹೆಸರದು. ಆಡಿಗೆ ಅಂತಹ ನೇರ ವಂಶಾವಳಿ ಇಲ್ಲ. ಮಾಲೀಕನನ್ನೇ ಹೊರಹಾಕಿದ ಕಂಪೆನಿ, ಸಾಲದಲ್ಲಿ ಮುಳುಗಿದ ಕಂಪೆನಿ, ಕಾರ್ಖಾನೆಯನ್ನು ಬೇರೊಂದು ದೇಶದಲ್ಲಿ ಬಿಟ್ಟುಬಂದ ಕಂಪೆನಿ, ಇಬ್ಬರು ಬೇರೆ ಬೇರೆ ಮಾಲೀಕರ ಕೈ ಬದಲಾಯಿಸಿದ ಕಂಪೆನಿ: ಇವೆಲ್ಲವೂ ಸೇರಿದ್ದು ಆಡಿ. ಅದರ ಇಂದಿನ ಪ್ರತಿಷ್ಠೆ ಪಿತ್ರಾರ್ಜಿತವಲ್ಲ, ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಸಾಬೀತುಪಡಿಸಿ ಗಳಿಸಿದ್ದು. ಗಳಿಸಿದ್ದನ್ನು ಕಳೆದುಕೊಳ್ಳುವುದೂ ಸಾಧ್ಯ ಎಂಬುದನ್ನು ಇತ್ತೀಚಿನ ಇತಿಹಾಸ ತೋರಿಸಿದೆ.

ಲ್ಯಾಟಿನ್ ಪಾಠದಲ್ಲಿ ಸಿಕ್ಕ ಹೆಸರು

ಆಗಸ್ಟ್ ಹೋರ್ಷ್ ಹುಟ್ಟಿದ್ದು 1868ರಲ್ಲಿ, ಮೋಸೆಲ್ ನದಿ ದಂಡೆಯ ವಿನ್ನಿಂಗೆನ್ ಎಂಬ ಹಳ್ಳಿಯಲ್ಲಿ. ತಂದೆ ಕಮ್ಮಾರ. ಎಂಜಿನಿಯರಿಂಗ್ ಓದಿದ ಹೋರ್ಷ್ ಮ್ಯಾನ್‌ಹೈಮ್‌ನಲ್ಲಿ ಸ್ವತಃ ಕಾರ್ಲ್ ಬೆಂಜ್ ಬಳಿ ಮೂರು ವರ್ಷ ದುಡಿದು, ಕಾರು ತಯಾರಿಕೆಯ ಉಸ್ತುವಾರಿ ವಹಿಸಿಕೊಂಡಿದ್ದರು. 1899ರ ನವೆಂಬರ್‌ನಲ್ಲಿ ಕಲೋನ್ ನಗರದಲ್ಲಿ ತಮ್ಮದೇ ಹೆಸರಿನ ಕಂಪೆನಿ ಆರಂಭಿಸಿದರು. ಬಂಡವಾಳವನ್ನು ಹುಡುಕುತ್ತ ಅದು 1904ರ ಹೊತ್ತಿಗೆ ಸ್ಯಾಕ್ಸನಿ ಪ್ರಾಂತ್ಯದ ಜ್ವಿಕಾವ್ ಪಟ್ಟಣಕ್ಕೆ ಬಂದು ನೆಲೆಸಿತು.

ಹೋರ್ಷ್ ಎಂಜಿನಿಯರ್, ಲೆಕ್ಕಪತ್ರದ ಮನುಷ್ಯರಲ್ಲ. ಕಂಪೆನಿಯ ಆಡಳಿತ ಮಂಡಳಿಯೊಂದಿಗೆ ಜಗಳ ಬೆಳೆದು 1909ರಲ್ಲಿ ತಾವೇ ಸ್ಥಾಪಿಸಿದ ಸಂಸ್ಥೆಯಿಂದ ಹೊರಬಿದ್ದರು. ಕೆಲವೇ ವಾರಗಳಲ್ಲಿ ಅದೇ ಊರಿನಲ್ಲಿ ಮತ್ತೊಂದು ಕಾರ್ಖಾನೆ ತೆರೆದರು. ಅದಕ್ಕೂ ಸಹಜವಾಗಿ ತಮ್ಮ ಹೆಸರನ್ನೇ ಇಟ್ಟರು. ಹಳೆಯ ಕಂಪೆನಿ ನ್ಯಾಯಾಲಯಕ್ಕೆ ಹೋಯಿತು. ‘ಹೋರ್ಷ್’ ಎಂಬುದು ತನ್ನ ಸ್ವತ್ತು ಎಂದು ವಾದಿಸಿ ಗೆದ್ದಿತು. ತಂದೆ ತಾಯಿ ಕೊಟ್ಟ ಹೆಸರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಆ ಮನುಷ್ಯನದಾಯಿತು.

ಹೊಸ ಹೆಸರಿಗಾಗಿ ಪಾಲುದಾರ ಫಿಕೆಂಚರ್ ಅವರ ಮನೆಯಲ್ಲಿ ಸಭೆ ಸೇರಿತ್ತು. ಕೋಣೆಯ ಮೂಲೆಯಲ್ಲಿ ಆ ಮನೆಯ ಹುಡುಗ ಲ್ಯಾಟಿನ್ ಪಾಠ ಓದಿಕೊಳ್ಳುತ್ತಿದ್ದ. ಜರ್ಮನ್ ಭಾಷೆಯಲ್ಲಿ ‘ಹೋರ್ಷ್’ ಎಂದರೆ ‘ಕಿವಿಗೊಟ್ಟು ಕೇಳು’ ಎಂದರ್ಥ. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿ ‘ಆಡಿ’ ಎಂದು ಏಕೆ ಕರೆಯಬಾರದು ಎಂದು ಹುಡುಗ ಕೇಳಿದನಂತೆ. ದೊಡ್ಡವರು ಒಪ್ಪಿದರು. 1910ರಲ್ಲಿ ‘ಆಡಿ’ ನೋಂದಣಿಯಾಯಿತು. ಹೆಸರು ಹೋಯಿತು, ಅರ್ಥ ಉಳಿಯಿತು. ಜರ್ಮನ್ನರ ಬಾಯಲ್ಲಿ ಇದು ‘ಔಡಿ’ ಎಂಬುದಕ್ಕೆ ಹತ್ತಿರ. ನಾವು ‘ಆಡಿ’ ಎಂದೇ ರೂಢಿಸಿಕೊಂಡಿದ್ದೇವೆ. ಕೇಳು ಎಂಬ ಅರ್ಥದ ಪದ ಕನ್ನಡಕ್ಕೆ ಬರುವಷ್ಟರಲ್ಲಿ ‘ಮಾತು ಆಡಿ’ ಎಂಬಂತೆ ಕೇಳಿಸುವುದು ಭಾಷೆಯ ತಮಾಷೆ.

ಗುರುತಿಲ್ಲದ ಹೊಸ ಹೆಸರನ್ನು ಮಾರುವುದು ಹೇಗೆ? ಹೋರ್ಷ್ ಕಂಡುಕೊಂಡ ದಾರಿ ಸ್ಪರ್ಧೆ. ಆಲ್ಪ್ಸ್ ಪರ್ವತಗಳ ಕಡಿದಾದ ಕಣಿವೆ ಹಾದಿಗಳಲ್ಲಿ ನಡೆಯುತ್ತಿದ್ದ ಆಸ್ಟ್ರಿಯಾದ ಸಹಿಷ್ಣುತಾ ಓಟಕ್ಕೆ ಆಡಿ ಕಾರುಗಳನ್ನು ಒಯ್ದರು. 1912, 1913, 1914, ಸತತ ಮೂರು ವರ್ಷ ಆಡಿ ತಂಡವೇ ಗೆದ್ದಿತು. ‘ಮಾತಿಗಿಂತ ಪರ್ವತ ಹತ್ತಿಸಿ ತೋರಿಸು’ ಎಂಬ ಈ ಪದ್ಧತಿ ಮುಂದೆ ಎಪ್ಪತ್ತು ವರ್ಷಗಳ ನಂತರ ಮತ್ತೆ ಕೆಲಸಕ್ಕೆ ಬರಲಿತ್ತು.

ನಾಲ್ಕು ಉಂಗುರ, ಒಂದು ಮೈಸೂರು ನಂಟು

ಕಾರಿನ ಮುಂಭಾಗದಲ್ಲಿ ಒಂದಕ್ಕೊಂದು ಹೆಣೆದುಕೊಂಡ ನಾಲ್ಕು ಉಂಗುರಗಳನ್ನು ಕಂಡು ಒಲಿಂಪಿಕ್ಸ್ ಲಾಂಛನದಲ್ಲಿ ಒಂದು ಕಡಿಮೆಯಾಯಿತೇ ಎಂದು ಕೇಳುವವರಿದ್ದಾರೆ. ಈ ಉಂಗುರಗಳು ಪ್ರತಿನಿಧಿಸುವುದು ನಾಲ್ಕು ಕಂಪೆನಿಗಳನ್ನು. 1929ರ ಜಾಗತಿಕ ಆರ್ಥಿಕ ಕುಸಿತದ ನಂತರ ಜರ್ಮನಿಯ ಕಾರು ತಯಾರಕರು ಒಬ್ಬೊಬ್ಬರಾಗಿ ನೆಲಕಚ್ಚತೊಡಗಿದಾಗ, ಸಾಲ ಕೊಟ್ಟಿದ್ದ ಸ್ಯಾಕ್ಸನಿಯ ಸರ್ಕಾರಿ ಬ್ಯಾಂಕ್ ಮುಂದೆ ನಿಂತು ಅವುಗಳನ್ನು ಒಗ್ಗೂಡಿಸಿತು. 1932ರ ಜೂನ್‌ನಲ್ಲಿ ಆಡಿ, ಡಿಕೆಡಬ್ಲ್ಯು, ಹೋರ್ಷ್ ಮತ್ತು ವಾಂಡರರ್ ಸೇರಿ ‘ಆಟೊ ಯೂನಿಯನ್’ ಹುಟ್ಟಿತು. ಇದು ಸಂಭ್ರಮದ ಮದುವೆಯಲ್ಲ, ಸಾಲಗಾರನ ಒತ್ತಾಯಕ್ಕೆ ನಡೆದ ಕೂಡಿಕೆ. ಆಗಸ್ಟ್ ಹೋರ್ಷ್ ಅವರನ್ನು ಹೊರಹಾಕಿದ ಕಂಪೆನಿಯೂ, ಅವರು ಬೇರೆ ಹೆಸರಿನಲ್ಲಿ ಕಟ್ಟಿದ ಕಂಪೆನಿಯೂ ಹೀಗೆ ಒಂದೇ ಸೂರಿನಡಿ ಬಂದವು.

ನಾಲ್ವರಲ್ಲಿ ಶ್ರೀಮಂತರ ಕಾರು ಹೋರ್ಷ್. ಮಧ್ಯಮ ವರ್ಗಕ್ಕೆ ವಾಂಡರರ್. ಜನಸಾಮಾನ್ಯರಿಗೆ ಡಿಕೆಡಬ್ಲ್ಯು ಬೈಕು ಮತ್ತು ಪುಟ್ಟ ಕಾರು. ಹಣ ತರುತ್ತಿದ್ದುದು ಡಿಕೆಡಬ್ಲ್ಯು. ಡೆನ್ಮಾರ್ಕ್ ಮೂಲದ ರಾಸ್ಮುಸೆನ್ ಎಂಬುವರು ಕಟ್ಟಿದ ಆ ಸಂಸ್ಥೆ 1920ರ ದಶಕದ ಕೊನೆಗೆ ಜಗತ್ತಿನ ಅತಿ ದೊಡ್ಡ ಮೋಟಾರ್ ಸೈಕಲ್ ತಯಾರಕ ಎನಿಸಿತ್ತು, 1928ರಲ್ಲಿ ಆಡಿಯನ್ನೇ ಕೊಂಡುಕೊಂಡಿತ್ತು. ಇನ್ನು ಆಡಿ? ಮಾರಾಟದಲ್ಲಿ ನಾಲ್ವರ ಪೈಕಿ ತೀರ ಚಿಕ್ಕದು. ಉಳಿದ ಮೂರು ಹೆಸರುಗಳು ಅಳಿದು ಇದೊಂದೇ ಉಳಿಯುತ್ತದೆ ಎಂದು ಅಂದು ಯಾರೂ ಪಂಥ ಕಟ್ಟುತ್ತಿರಲಿಲ್ಲ.

ವಾಂಡರರ್ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ, ನಮಗದು ಗೊತ್ತಿಲ್ಲ ಅಷ್ಟೆ. 1929ರಲ್ಲಿ ಈ ಕಂಪೆನಿ ಮೋಟಾರ್ ಸೈಕಲ್ ತಯಾರಿಕೆಯಿಂದ ಹಿಂದೆ ಸರಿದಾಗ, ಅದರ 500 ಸಿಸಿ ಬೈಕಿನ ವಿನ್ಯಾಸವನ್ನು ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ ‘ಜೆಎ’, ವಾಂಡರರ್‌ನ ಮೊದಲೆರಡು ಅಕ್ಷರ ‘ಡಬ್ಲ್ಯುಎ’ ಜೋಡಿಸಿ ಹೊಸ ಕಂಪೆನಿಗೆ ‘ಜಾವಾ’ ಎಂದು ಹೆಸರಿಟ್ಟರು. ಅದೇ ಜಾವಾ ಮುಂದೆ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು, 1973ರ ಬಳಿಕ ‘ಯೆಜ್ಡಿ’ ಆಯಿತು, 1996ರಲ್ಲಿ ಆ ಕಾರ್ಖಾನೆಗೆ ಬೀಗ ಬೀಳುವವರೆಗೂ ನಾಡಿನ ರಸ್ತೆಗಳಲ್ಲಿ ಸದ್ದು ಮಾಡಿತು. ಅಂದರೆ ಆಡಿಯ ನಾಲ್ಕು ಉಂಗುರಗಳ ಪೈಕಿ ಒಂದರ ಹೆಸರಿನ ಅರ್ಧಭಾಗ, ಆ ಕಾರುಗಳು ಇಲ್ಲಿಗೆ ಬರುವ ಎಷ್ಟೋ ಮೊದಲೇ, ಮೈಸೂರಿನ ಬೈಕುಗಳ ಪೆಟ್ರೋಲ್ ಟ್ಯಾಂಕಿನ ಮೇಲಿತ್ತು.

ಬೆಳ್ಳಿ ಬಾಣ ಮತ್ತು ಕಪ್ಪು ಅಧ್ಯಾಯ

1930ರ ದಶಕದ ಆಟೊ ಯೂನಿಯನ್ ಎಂದರೆ ರೇಸಿಂಗ್ ಪ್ರಿಯರಿಗೆ ‘ಬೆಳ್ಳಿ ಬಾಣ’ಗಳ ನೆನಪು. ಫರ್ಡಿನಾಂಡ್ ಪೋರ್ಷ ವಿನ್ಯಾಸಗೊಳಿಸಿದ, ಚಾಲಕನ ಬೆನ್ನ ಹಿಂದೆ 16 ಸಿಲಿಂಡರ್ ಎಂಜಿನ್ ಇದ್ದ ಕಾರುಗಳು ಅವು. ಬರ್ಂಡ್ ರೋಸ್‌ಮೇಯರ್ ಎಂಬ ಯುವಕ 1937ರಲ್ಲಿ ಸಾಮಾನ್ಯ ಹೆದ್ದಾರಿಯಲ್ಲಿ ಗಂಟೆಗೆ 400 ಕಿ.ಮೀ. ವೇಗ ದಾಟಿದ. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಬಳಿ ಮತ್ತೊಂದು ದಾಖಲೆಯ ಯತ್ನದಲ್ಲಿ ಸತ್ತ. ಈ ಓಟಗಳಿಗೆ ಹಿಟ್ಲರ್ ಸರ್ಕಾರದ ಹಣಸಹಾಯವಿತ್ತು. ಗೆಲುವು ನಾಜಿ ಪ್ರಚಾರಕ್ಕೆ ಸರಕಾಯಿತು.

ಅದಕ್ಕಿಂತ ಘೋರವಾದುದು ಯುದ್ಧಕಾಲದಲ್ಲಿ ನಡೆಯಿತು. ಬಹುಕಾಲ ಕಂಪೆನಿಯ ಚರಿತ್ರೆಯ ಪುಸ್ತಕಗಳು ಈ ಭಾಗವನ್ನು ಚುಟುಕಾಗಿ ಮುಗಿಸುತ್ತಿದ್ದವು. ಕೊನೆಗೆ ಆಡಿಯೇ ನಿಯೋಜಿಸಿದ ಇಬ್ಬರು ಇತಿಹಾಸಕಾರರು, ರುಡೋಲ್ಫ್ ಬೋಖ್ ಮತ್ತು ಮಾರ್ಟಿನ್ ಕುಕೋವ್ಸ್ಕಿ, 2014ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆಟೊ ಯೂನಿಯನ್‌ಗಾಗಿ ಏಳು ಶಿಬಿರಗಳಲ್ಲಿ 3,700ಕ್ಕೂ ಹೆಚ್ಚು ಯಾತನಾ ಶಿಬಿರದ ಕೈದಿಗಳನ್ನು ದುಡಿಸಲಾಗಿತ್ತು. ಇದರ ಹೊರತಾಗಿ ಸುಮಾರು 16,500 ಮಂದಿ ಬಲವಂತದ ಕಾರ್ಮಿಕರು ಅದರ ಕಾರ್ಖಾನೆಗಳಲ್ಲಿದ್ದರು. ಇಂದು ಚೆಕ್ ಗಣರಾಜ್ಯದಲ್ಲಿರುವ ಲೈಟ್ಮೆರಿಟ್ಸ್ ಎಂಬಲ್ಲಿ ಟ್ಯಾಂಕ್ ಎಂಜಿನ್ ತಯಾರಿಸಲು ನೆಲದಡಿಯ ಕಾರ್ಖಾನೆ ನಿರ್ಮಿಸುವಾಗ ಮಡಿದ ಸುಮಾರು 4,500 ಕೈದಿಗಳ ಸಾವಿಗೆ ಕಂಪೆನಿ ನೈತಿಕವಾಗಿ ಹೊಣೆ ಎಂದು ಅಧ್ಯಯನ ಹೇಳಿತು. ಪ್ರದರ್ಶನ ಮಳಿಗೆಯ ಹೊಳಪಿನಲ್ಲಿ ಈ ಸಂಖ್ಯೆಗಳಿಗೆ ಜಾಗವಿಲ್ಲ. ಆದರೆ ‘ಭವ್ಯ ಪರಂಪರೆ’ ಎಂದು ಜಾಹೀರಾತು ಹೇಳುವಾಗ ಆ ಪರಂಪರೆಯ ಲೆಕ್ಕದಲ್ಲಿ ಇವೂ ಸೇರಬೇಕಾದವು.

ಒಂದೇ ಬೇರಿನ ಎರಡು ಕವಲು

ಯುದ್ಧ ಮುಗಿದಾಗ ಸ್ಯಾಕ್ಸನಿ ಸೋವಿಯತ್ ಸೇನೆಯ ವಶದಲ್ಲಿತ್ತು. ಯಂತ್ರಗಳನ್ನು ಬಿಚ್ಚಿ ರಷ್ಯಾಕ್ಕೆ ಸಾಗಿಸಲಾಯಿತು. 1948ರಲ್ಲಿ ಆಟೊ ಯೂನಿಯನ್ ಹೆಸರನ್ನು ಕೆಮ್ನಿಟ್ಸ್‌ನ ವಾಣಿಜ್ಯ ದಾಖಲೆಯಿಂದಲೇ ಅಳಿಸಿಹಾಕಲಾಯಿತು. ಪಶ್ಚಿಮಕ್ಕೆ ಓಡಿಬಂದ ಕೆಲವು ಅಧಿಕಾರಿಗಳು ಬವೇರಿಯಾದ ಇಂಗೊಲ್‌ಸ್ಟಾಟ್ ಎಂಬ ಕೋಟೆಯ ಊರಿನಲ್ಲಿ ಬಿಡಿಭಾಗಗಳ ಮಳಿಗೆ ತೆರೆದಿದ್ದರು. ಅದರ ಬೆನ್ನಲ್ಲೇ 1949ರ ಸೆಪ್ಟೆಂಬರ್‌ನಲ್ಲಿ ಹೊಸ ಆಟೊ ಯೂನಿಯನ್ ಅಲ್ಲಿ ನೋಂದಣಿಯಾಯಿತು. ಮೊದಲ ಉತ್ಪನ್ನಗಳಲ್ಲಿ ಐಷಾರಾಮದ ಸುಳಿವೂ ಇರಲಿಲ್ಲ. ಒಂದು ಸಣ್ಣ ಸರಕು ಸಾಗಣೆ ವ್ಯಾನು, ಒಂದು 125 ಸಿಸಿ ಬೈಕು. ಆ ‘ಆರ್‌ಟಿ 125’ ಬೈಕಿನ ಯುದ್ಧಪೂರ್ವ ವಿನ್ಯಾಸವನ್ನು ಯುದ್ಧದ ನಂತರ ಹಲವು ದೇಶಗಳು ನಕಲು ಮಾಡಿಕೊಂಡವು. 1955ರಲ್ಲಿ ಬಂದ ಯಮಹಾ ಕಂಪೆನಿಯ ಮೊಟ್ಟಮೊದಲ ಬೈಕು ಕೂಡ ಅದನ್ನೇ ಮಾದರಿಯಾಗಿಸಿಕೊಂಡದ್ದು. ಆರ್‌ಎಕ್ಸ್ 100 ಬೈಕನ್ನು ಇಂದಿಗೂ ಮಗುವಿನಂತೆ ಸಾಕುವವರಿಗೆ ಈ ವಿಷಯ ರುಚಿಸಬಹುದು.

ಅತ್ತ ಪೂರ್ವ ಜರ್ಮನಿಯಲ್ಲಿ ಏನಾಯಿತು? ಆಡಿ ಮತ್ತು ಹೋರ್ಷ್ ಹುಟ್ಟಿದ ಜ್ವಿಕಾವ್ ಕಾರ್ಖಾನೆಗಳು ಸರ್ಕಾರಿ ಉದ್ಯಮವಾದವು. ಅಲ್ಲಿಂದ 1957ರಲ್ಲಿ ಹೊರಬಂದದ್ದು ಟ್ರಾಬಂಟ್: ಹೊಗೆಯುಗುಳುವ ಟೂ ಸ್ಟ್ರೋಕ್ ಎಂಜಿನ್ನಿನ, ಹತ್ತಿಯ ನಾರು ಬೆರೆಸಿದ ಪ್ಲಾಸ್ಟಿಕ್ ಹೊದಿಕೆಯ, ಕೊಳ್ಳಬೇಕಾದರೆ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾರು. 1989ರಲ್ಲಿ ಬರ್ಲಿನ್ ಗೋಡೆ ಉರುಳಿದಾಗ ಟಿ.ವಿ. ಪರದೆಗಳಲ್ಲಿ ಸಾಲುಸಾಲಾಗಿ ಪಶ್ಚಿಮಕ್ಕೆ ನುಗ್ಗಿದ ಪುಟ್ಟ ಕಾರುಗಳು ಇವೇ. ಡಿಕೆಡಬ್ಲ್ಯುವಿನ ಟೂ ಸ್ಟ್ರೋಕ್ ತಂತ್ರಜ್ಞಾನ ಎಂಬ ಒಂದೇ ಬೇರು ಇಂಗೊಲ್‌ಸ್ಟಾಟ್‌ನಲ್ಲಿ ಕಾಲಕ್ರಮೇಣ ಆಡಿಯಾಗಿ, ತವರು ಜ್ವಿಕಾವ್‌ನಲ್ಲಿ ಟ್ರಾಬಂಟ್ ಆಗಿ ಕವಲೊಡೆಯಿತು. ಎಂಜಿನಿಯರುಗಳ ಪ್ರತಿಭೆಯ ವ್ಯತ್ಯಾಸ ಇದಲ್ಲ. ಯಾರಿಗೆ ಬಂಡವಾಳ, ಮಾರುಕಟ್ಟೆ, ಪೈಪೋಟಿ ದೊರಕಿತು ಎಂಬುದರ ವ್ಯತ್ಯಾಸ.

ಕದ್ದುಮುಚ್ಚಿ ಹುಟ್ಟಿದ ಕಾರು

ಪಶ್ಚಿಮದ ಹಾದಿಯೂ ಸುಗಮವಾಗಿರಲಿಲ್ಲ. 1958ರಲ್ಲಿ ಡೈಮ್ಲರ್ ಬೆಂಜ್ ಆಟೊ ಯೂನಿಯನ್ನಿನ ಬಹುಪಾಲು ಷೇರುಗಳನ್ನು ಕೊಂಡಿತು. ಹೌದು, ಇಂದಿನ ಬದ್ಧ ಪ್ರತಿಸ್ಪರ್ಧಿಯೇ ಒಂದು ಕಾಲದ ಮಾಲೀಕ! ಟೂ ಸ್ಟ್ರೋಕ್ ಕಾರುಗಳಿಗೆ ಬೇಡಿಕೆ ಕುಸಿದು ನಷ್ಟ ಹೆಚ್ಚಿದಾಗ, 1964ರ ಕೊನೆಗೆ ಬೆಂಜ್ ಅದನ್ನು ಫೋಕ್ಸ್‌ವ್ಯಾಗನ್‌ಗೆ ದಾಟಿಸಿತು. ಹೊಸ ಫೋರ್ ಸ್ಟ್ರೋಕ್ ಎಂಜಿನ್ನೊಂದನ್ನು, ಅದನ್ನು ಬಲ್ಲ ಲುಡ್ವಿಗ್ ಕ್ರೌಸ್ ಎಂಬ ಎಂಜಿನಿಯರನ್ನು ಇಂಗೊಲ್‌ಸ್ಟಾಟ್‌ನಲ್ಲಿ ಬಿಟ್ಟುಹೋಯಿತು. 1965ರಲ್ಲಿ ಆ ಎಂಜಿನ್ ಹೊತ್ತ ಕಾರು ಬಂದಾಗ, ಹಳೆಯ ಡಿಕೆಡಬ್ಲ್ಯು ಹೆಸರಿಗೆ ಅಂಟಿದ ಹೊಗೆಯ ಕಳಂಕವನ್ನು ತೊಡೆಯಲೆಂದು, ಕಾಲು ಶತಮಾನದಿಂದ ಮೂಲೆಗುಂಪಾಗಿದ್ದ ‘ಆಡಿ’ ಹೆಸರನ್ನು ಹೊರತೆಗೆಯಲಾಯಿತು.

ಫೋಕ್ಸ್‌ವ್ಯಾಗನ್ ಮುಖ್ಯಸ್ಥ ಹೈನ್‌ರಿಷ್ ನಾರ್ಡ್‌ಹಾಫ್ ಅವರಿಗೆ ಬೇಕಾಗಿದ್ದುದು ಕಾರ್ಖಾನೆಯ ಜಾಗ, ಕಾರ್ಮಿಕರ ಕೈ. ಸ್ವಂತ ಹೊಸ ಮಾದರಿಗಳನ್ನು ರೂಪಿಸಕೂಡದು ಎಂದು ಅವರು ಕಟ್ಟಪ್ಪಣೆ ಮಾಡಿದರು. 1965ರಿಂದ 1969ರ ನಡುವೆ ಇಂಗೊಲ್‌ಸ್ಟಾಟ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಬೀಟಲ್ ಕಾರುಗಳನ್ನು ಜೋಡಿಸಲಾಯಿತು. ಆಡಿ ಎಂಬುದು ಬೀಟಲ್‌ನ ಜೋಡಣಾ ಘಟಕವಾಗಿ ಅಲ್ಲಿಗೇ ಮುಗಿಯಬೇಕಿತ್ತು.

ಕ್ರೌಸ್ ಅಪ್ಪಣೆಯನ್ನು ಪಾಲಿಸಲಿಲ್ಲ. ತಮ್ಮ ಚಿಕ್ಕ ತಂಡದೊಂದಿಗೆ ಗುಟ್ಟಾಗಿ ದೊಡ್ಡ ಕಾರೊಂದನ್ನು ರೂಪಿಸತೊಡಗಿದರು. ಮೇಲಧಿಕಾರಿಗಳ ಮುಂದೆ ಅದು ಹಳೆಯ ಮಾದರಿಯ ಹೊರಮೈ ಬದಲಾವಣೆ ಎಂಬ ನೆಪ. ಕೊನೆಗೆ ಮಾದರಿಯನ್ನು ನಾರ್ಡ್‌ಹಾಫ್ ಕಣ್ಣಾರೆ ನೋಡಿದಾಗ ಕೋಪಿಸಿಕೊಳ್ಳಲು ಎಲ್ಲ ಕಾರಣಗಳೂ ಇದ್ದವು. ಆದರೆ ಅವರು ಒಪ್ಪಿಗೆ ಕೊಟ್ಟರು. ಆ ಕಾರು ಅನಾವರಣಗೊಂಡದ್ದು 1968ರ ನವೆಂಬರ್‌ನಲ್ಲಿ. ಅದನ್ನು ನೋಡಲು ನಾರ್ಡ್‌ಹಾಫ್ ಇರಲಿಲ್ಲ, ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಮೊದಲ ಪೀಳಿಗೆಯಲ್ಲೇ ಎಂಟು ಲಕ್ಷಕ್ಕೂ ಹೆಚ್ಚು ಮಾರಾಟವಾದ ಆ ಕಾರಿನ ಹೆಸರೇ ಆಡಿ 100. ಮೆಲ್ಬರ್ನ್‌ನಲ್ಲಿ ಶಾಸ್ತ್ರಿ ಕೈಗೆ ಕೀಲಿ ಬಂದದ್ದು ಇದೇ ಹೆಸರಿನ ಕಾರಿನದು. ನೌಕರನೊಬ್ಬ ವಿಧೇಯನಾಗಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಹಿಮದಲ್ಲಿ ಹೊಳೆದ ಉಪಾಯ

ಒಳ್ಳೆಯ ಕಾರು ಎಂಬ ಹೆಸರು ಬಂದರೂ ಬೆಂಜ್ ಮತ್ತು ಬಿಎಂಡಬ್ಲ್ಯು ಸಾಲಿನಲ್ಲಿ ಕೂರುವ ಯೋಗ್ಯತೆ ಇನ್ನೂ ಬಂದಿರಲಿಲ್ಲ. ಅದನ್ನು ತಂದದ್ದು ‘ಕ್ವಾಟ್ರೊ’. 1976-77ರ ಚಳಿಗಾಲದಲ್ಲಿ ಫಿನ್ಲೆಂಡಿನ ಹಿಮದ ರಸ್ತೆಗಳಲ್ಲಿ ಕಾರುಗಳ ಪರೀಕ್ಷೆ ನಡೆಯುತ್ತಿತ್ತು. ಜತೆಗಿದ್ದ ‘ಇಲ್ಟಿಸ್’ ಎಂಬ ಸೇನಾ ಜೀಪಿನ ಎಂಜಿನ್ ಬರೀ 75 ಅಶ್ವಶಕ್ತಿಯದು. ಅದಕ್ಕಿಂತ ಎರಡು ಪಟ್ಟು ಬಲದ ಕಾರುಗಳು ಹಿಮದಲ್ಲಿ ಅದರ ಹಿಂದೆ ಬಿದ್ದವು. ಜೀಪಿನ ನಾಲ್ಕೂ ಚಕ್ರಗಳು ಎಳೆಯುತ್ತಿದ್ದವು, ಕಾರುಗಳ ಮುಂದಿನ ಎರಡು ಮಾತ್ರ. ಇದನ್ನು ಗಮನಿಸಿದ ಯೋರ್ಗ್ ಬೆನ್ಸಿಂಗರ್ ಎಂಬ ಎಂಜಿನಿಯರ್, ಅಭಿವೃದ್ಧಿ ವಿಭಾಗದ ಮುಖ್ಯಸ್ಥ ಫರ್ಡಿನಾಂಡ್ ಪಿಯೆಖ್ ಅವರ ಬಳಿ ಪ್ರಸ್ತಾಪವಿಟ್ಟರು. ಪಿಯೆಖ್ ಬೇರಾರೂ ಅಲ್ಲ, ಬೆಳ್ಳಿ ಬಾಣದ ವಿನ್ಯಾಸಕಾರ ಪೋರ್ಷ ಅವರ ಮೊಮ್ಮಗ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವಾಹನ ಹೊಸದೇನಲ್ಲ. ಆದರೆ ಜೀಪು, ಲಾರಿಗಳಲ್ಲಿ ಇದಕ್ಕೆ ಗೇರ್‌ಬಾಕ್ಸ್ ಪಕ್ಕದಲ್ಲಿ ಇನ್ನೊಂದು ಭಾರೀ ಪೆಟ್ಟಿಗೆ ಬೇಕಾಗುತ್ತಿತ್ತು. ತೂಕ, ಸದ್ದು, ಜಾಗ ಎಲ್ಲವೂ ಹೆಚ್ಚು. ಆಡಿ ಎಂಜಿನಿಯರುಗಳ ಉತ್ತರ ಸರಳವಾಗಿತ್ತು. ಗೇರ್‌ಬಾಕ್ಸಿನೊಳಗೆ ಸುಮಾರು 26 ಸೆಂ.ಮೀ. ಉದ್ದದ ಟೊಳ್ಳು ಶಾಫ್ಟ್ ಇಟ್ಟರು. ಎಂಜಿನ್ನಿನ ಬಲ ಆ ಕೊಳವೆಯ ಮೂಲಕ ಹಿಂದಕ್ಕೆ ಹರಿದು ನಡುವಿನ ಡಿಫರೆನ್ಷಿಯಲ್ ತಲುಪುತ್ತದೆ. ಅಲ್ಲಿಂದ ಅರ್ಧ ಪಾಲು ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಉಳಿದರ್ಧ ಅದೇ ಕೊಳವೆಯೊಳಗೆ ತೂರಿಸಿದ ಇನ್ನೊಂದು ಶಾಫ್ಟ್ ಮೂಲಕ ಮುಂದಿನ ಚಕ್ರಗಳಿಗೆ ಮರಳುತ್ತದೆ. ಹೆಚ್ಚುವರಿ ಪೆಟ್ಟಿಗೆಯ ಅಗತ್ಯವೇ ಇಲ್ಲ.

1980ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕ್ವಾಟ್ರೊ ಅನಾವರಣಗೊಂಡಿತು. ಮಾರನೆಯ ವರ್ಷದಿಂದ ವಿಶ್ವ ರ‍್ಯಾಲಿ ಕಣಕ್ಕಿಳಿದು 1982 ಮತ್ತು 1984ರಲ್ಲಿ ತಯಾರಕರ ಪ್ರಶಸ್ತಿ ಗೆದ್ದಿತು. 1981ರಲ್ಲಿ ಇಟಲಿಯ ಸ್ಯಾನ್ ರೆಮೊ ರ‍್ಯಾಲಿಯನ್ನು ಕ್ವಾಟ್ರೊದಲ್ಲಿ ಗೆದ್ದ ಫ್ರಾನ್ಸಿನ ಮಿಷೆಲ್ ಮೂಟೊನ್ ವಿಶ್ವ ರ‍್ಯಾಲಿಯ ಸುತ್ತೊಂದರಲ್ಲಿ ಜಯಗಳಿಸಿದ ಮೊದಲ ಮಹಿಳೆ. 1986ರಲ್ಲಿ ಕಂಪೆನಿ ತೆಗೆದ ಜಾಹೀರಾತಿನಲ್ಲಿ ಆಡಿ 100 ಕ್ವಾಟ್ರೊ ಕಾರೊಂದು ಫಿನ್ಲೆಂಡಿನ ಸ್ಕೀ ಜಿಗಿತದ ಕಡಿದಾದ ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಹತ್ತಿತು. 1912ರ ಆಲ್ಪ್ಸ್ ತಂತ್ರವೇ, ಹೊಸ ವೇಷದಲ್ಲಿ.

ಆಕರ್ಷಣೆ ಎಲ್ಲಿದೆ?

‘ತಂತ್ರಜ್ಞಾನದಿಂದ ಮುನ್ನಡೆ’ ಎಂಬರ್ಥದ ಜರ್ಮನ್ ಘೋಷವಾಕ್ಯವನ್ನು ಕಂಪೆನಿ 1971ರಿಂದ ಬಳಸುತ್ತಿದೆ. ಘೋಷವಾಕ್ಯಗಳನ್ನು ನಂಬಬೇಕಿಲ್ಲ. ಆದರೆ ಪಿಯೆಖ್ ಕಾಲದಲ್ಲಿ ಅದಕ್ಕೆ ಪುರಾವೆಯಿತ್ತು. ಗಾಳಿಯನ್ನು ಸೀಳಿ ಸಾಗುವಂತೆ ರೂಪಿಸಿದ 1982ರ ಆಡಿ 100, ಆ ದಶಕದ ಮಧ್ಯದಲ್ಲಿ ತುಕ್ಕು ತಡೆಯಲು ಇಡೀ ದೇಹಕ್ಕೆ ಸತುವಿನ ಲೇಪನ, 1994ರಲ್ಲಿ ಪೂರ್ತಿ ಅಲ್ಯೂಮಿನಿಯಂ ಚೌಕಟ್ಟಿನ ಎ8. ಒಳಾಂಗಣದ ವಿಷಯದಲ್ಲಿ ಕಂಪೆನಿಯದು ಬೇರೆಯೇ ಮಡಿವಂತಿಕೆ. ಚರ್ಮ, ಪ್ಲಾಸ್ಟಿಕ್, ನೆಲಹಾಸುಗಳ ತುಣುಕುಗಳನ್ನು ಗಾಜಿನ ಜಾಡಿಯಲ್ಲಿ ಬಿಸಿಮಾಡಿ ಮೂಸಿನೋಡಿ ತೀರ್ಪು ಕೊಡುವ ‘ಮೂಗಿನ ತಂಡ’ವೇ 1985ರಿಂದ ಅಲ್ಲಿದೆ. ತಂಡದವರು ಪರೀಕ್ಷೆಗೆ ಮುನ್ನ ಈರುಳ್ಳಿ ತಿನ್ನುವುದಿಲ್ಲವೆಂದು ಊಹಿಸಬಹುದು.

ಒಂದು ಮಾತನ್ನು ಕೊಳ್ಳುವವರು ತಿಳಿದಿರಬೇಕು. ಇಂದಿನ ಆಡಿ ಕಾರುಗಳ ಅಡಿಪಾಯ ಬಹುಮಟ್ಟಿಗೆ ಫೋಕ್ಸ್‌ವ್ಯಾಗನ್ ಸಮೂಹದ ಇತರ ಕಾರುಗಳದೇ. ಆಡಿ ಎ3 ಮತ್ತು ಸ್ಕೋಡಾ ಆಕ್ಟೇವಿಯಾ ಒಂದೇ ತಳಹದಿಯ ಮೇಲೆ ನಿಂತಿವೆ. ಮೇಲ್ತುದಿಯಲ್ಲಿ ಕ್ಯೂ7, ಪೋರ್ಷ ಕಯೆನ್, ಲ್ಯಾಂಬೊರ್ಗಿನಿ ಉರುಸ್‌ಗಳೂ ಒಡಹುಟ್ಟಿದವು. ಹಾಗಾದರೆ ಹೆಚ್ಚಿನ ಹಣ ಯಾವುದಕ್ಕೆ? ಒಳಾಂಗಣದ ಅಚ್ಚುಕಟ್ಟು, ಸದ್ದಡಗಿಸುವ ಕೆಲಸ, ದೊಡ್ಡ ಎಂಜಿನ್ನಿನ ಆಯ್ಕೆ, ಇವಕ್ಕೆ ಒಂದು ಪಾಲು. ಬಾನೆಟ್ಟಿನ ಮುಂದಿನ ಉಂಗುರಗಳಿಗೆ ಇನ್ನೊಂದು ಪಾಲು. ಎರಡನೆಯ ಪಾಲು ಚಿಕ್ಕದಲ್ಲ ಎಂಬುದು ಈ ವರದಿಗಾರನ ಅನಿಸಿಕೆ.

ಎರಡು ಅಗ್ನಿಪರೀಕ್ಷೆ

ಆ ಎರಡನೆಯ ಪಾಲು ಎಷ್ಟು ಬೇಗ ಕರಗಬಲ್ಲುದು ಎಂಬುದನ್ನು ಆಡಿ ಎರಡು ಬಾರಿ ಅನುಭವಿಸಿದೆ. ಮೊದಲನೆಯದು ಅಮೆರಿಕದಲ್ಲಿ. ಆಡಿ 5000 ಕಾರು ತಾನಾಗಿಯೇ ಮುನ್ನುಗ್ಗುತ್ತದೆ ಎಂಬ ದೂರುಗಳನ್ನು ಆಧರಿಸಿ 1986ರ ನವೆಂಬರ್‌ನಲ್ಲಿ ಸಿಬಿಎಸ್ ವಾಹಿನಿ ಕಾರ್ಯಕ್ರಮ ಪ್ರಸಾರ ಮಾಡಿತು. 1985ರಲ್ಲಿ ಅಲ್ಲಿ 74 ಸಾವಿರವಿದ್ದ ವಾರ್ಷಿಕ ಮಾರಾಟ 1991ರಲ್ಲಿ 12 ಸಾವಿರಕ್ಕೆ ಕುಸಿಯಿತು. ಚಾಲಕರು ಬ್ರೇಕ್ ಎಂದು ತಪ್ಪಾಗಿ ಆಕ್ಸಿಲರೇಟರ್ ತುಳಿದದ್ದೇ ಪ್ರಕರಣಗಳಿಗೆ ಮುಖ್ಯ ಕಾರಣ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 1989ರಲ್ಲಿ ವರದಿ ಕೊಟ್ಟರೂ ಗ್ರಾಹಕರು ಬೇಗ ಮರಳಲಿಲ್ಲ.

ಎರಡನೆಯದರಲ್ಲಿ ತಪ್ಪು ಪೂರ್ತಿ ಮನೆಯವರದೇ. ಡೀಸೆಲ್ ಆಡಿಯ ಹೆಮ್ಮೆಯಾಗಿತ್ತು. 2006ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆ ಓಟವನ್ನು ಡೀಸೆಲ್ ಕಾರಿನಲ್ಲಿ ಗೆದ್ದ ಮೊದಲ ಕಂಪೆನಿ ಅದು. 2000ದಿಂದ 2014ರವರೆಗೆ ಅಲ್ಲಿ ಒಟ್ಟು 13 ಸಲ ಗೆದ್ದಿದೆ. ಅಂತಹ ಸಂಸ್ಥೆ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದೆ ಎಂಬುದು 2015ರಲ್ಲಿ ಬಯಲಾಯಿತು. ಕಾರಿನ ಕಂಪ್ಯೂಟರಿನಲ್ಲಿ ಅಡಗಿಸಿದ ತಂತ್ರಾಂಶ, ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಗುರುತಿಸಿ ಆಗ ಮಾತ್ರ ನೈಟ್ರೋಜನ್ ಆಕ್ಸೈಡ್ ಉಗುಳುವುದನ್ನು ತಗ್ಗಿಸುತ್ತಿತ್ತು. ರಸ್ತೆಗಿಳಿದರೆ ಹಳೆಯ ಚಾಳಿ. ಹಗರಣದ ತಲೆ ಫೋಕ್ಸ್‌ವ್ಯಾಗನ್ ಆದರೂ, ಸಮೂಹದ ದೊಡ್ಡ ಕಾರುಗಳಲ್ಲಿ ಬಳಸಿದ ಮೂರು ಲೀಟರ್ ಡೀಸೆಲ್ ಎಂಜಿನ್ ರೂಪುಗೊಂಡದ್ದು ಆಡಿಯಲ್ಲಿ. 2018ರ ಅಕ್ಟೋಬರ್‌ನಲ್ಲಿ ಕಂಪೆನಿ 80 ಕೋಟಿ ಯೂರೊ ದಂಡ ತೆತ್ತಿತು. ಅದೇ ವರ್ಷ ಬಂಧನಕ್ಕೊಳಗಾಗಿದ್ದ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್ ಅವರು 2023ರಲ್ಲಿ ತಪ್ಪೊಪ್ಪಿಕೊಂಡು, ಮ್ಯೂನಿಕ್ ನ್ಯಾಯಾಲಯದಿಂದ ಒಂದು ವರ್ಷ ಒಂಬತ್ತು ತಿಂಗಳ ಅಮಾನತಿನ ಜೈಲುಶಿಕ್ಷೆಗೂ 11 ಲಕ್ಷ ಯೂರೊ ಪಾವತಿಗೂ ಗುರಿಯಾದರು. ಪರೀಕ್ಷೆ ಗೆದ್ದು ಹೆಸರು ಮಾಡಿದವರೇ ಪರೀಕ್ಷೆಯಲ್ಲಿ ನಕಲು ಹೊಡೆದದ್ದು ವಿಪರ್ಯಾಸ.

ಭಾರತದಿಂದ ಚೀನಾದವರೆಗೆ

ಭಾರತದಲ್ಲಿ ಆಡಿ ತನ್ನದೇ ಮಾರಾಟ ವಿಭಾಗ ಸ್ಥಾಪಿಸಿದ್ದು 2007ರಲ್ಲಿ. ಔರಂಗಾಬಾದ್‌ನ (ಈಗಿನ ಛತ್ರಪತಿ ಸಂಭಾಜಿನಗರ) ಸ್ಕೋಡಾ ಕಾರ್ಖಾನೆಯಲ್ಲಿ ಜೋಡಣೆ. ಬಿಎಂಡಬ್ಲ್ಯು, ಬೆಂಜ್‌ಗಳನ್ನು ಹಿಂದಿಕ್ಕಿ 2013ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಾರು ಮಾರಿ ದೇಶದ ಐಷಾರಾಮಿ ಮಾರುಕಟ್ಟೆಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಸ್ಥಾನ ಬಹುಕಾಲ ನಿಲ್ಲಲಿಲ್ಲ, ಬೆಂಜ್ ಮತ್ತು ಬಿಎಂಡಬ್ಲ್ಯು ಮುಂದೆ ಸಾಗಿದವು.

ಹುಟ್ಟೂರಿನಲ್ಲಿ ಮಾತ್ರ ಒಂದು ಸುತ್ತು ಪೂರ್ಣಗೊಂಡಿದೆ. ಜ್ವಿಕಾವ್‌ನ ಹಳೆಯ ಆಡಿ ಕಾರ್ಖಾನೆಯ ಕಟ್ಟಡದಲ್ಲಿ ಈಗ ಆಗಸ್ಟ್ ಹೋರ್ಷ್ ವಸ್ತುಸಂಗ್ರಹಾಲಯವಿದೆ. ಅಲ್ಲಿ ಹೋರ್ಷ್, ಆಡಿ, ಟ್ರಾಬಂಟ್ ಒಂದೇ ಸೂರಿನಡಿ ನಿಂತಿವೆ. ಅದೇ ಊರಿನ ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ 2021ರಲ್ಲಿ ಆಡಿಯ ವಿದ್ಯುತ್ ಕಾರು ಕ್ಯೂ4 ಇ-ಟ್ರಾನ್ ತಯಾರಿಕೆ ಶುರುವಾಯಿತು. ವಿದ್ಯುತ್ ಯುಗ ಎಲ್ಲೆಡೆ ಇಷ್ಟು ಸಲೀಸಾಗಿಲ್ಲ. ಕಂಪೆನಿಯ ಮೊದಲ ಇ-ಟ್ರಾನ್ ತಯಾರಾಗಿದ್ದ ಬ್ರಸೆಲ್ಸ್ ಕಾರ್ಖಾನೆ 2025ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು.

ಸದ್ಯದ ದೊಡ್ಡ ಪರೀಕ್ಷೆ ಚೀನಾದಲ್ಲಿದೆ. ಅಲ್ಲಿನ ಯುವ ಗ್ರಾಹಕರು ಸ್ವದೇಶಿ ವಿದ್ಯುತ್ ಕಾರುಗಳತ್ತ ವಾಲುತ್ತಿರುವಾಗ, ಆಡಿ 2024ರ ನವೆಂಬರ್‌ನಲ್ಲಿ ಶಾಂಘೈನ ಸಾಯಿಕ್ ಸಂಸ್ಥೆಯ ಜತೆಗೂಡಿ ಆ ದೇಶಕ್ಕಷ್ಟೇ ಸೀಮಿತವಾದ ಹೊಸ ಬ್ರ್ಯಾಂಡ್ ಪ್ರಕಟಿಸಿತು. 2025ರಲ್ಲಿ ಅದರ ಮೊದಲ ಕಾರು ಇ5 ಸ್ಪೋರ್ಟ್‌ಬ್ಯಾಕ್ ಬಂತು. ಅದರ ಮುಂಭಾಗದಲ್ಲಿ ಉಂಗುರಗಳಿಲ್ಲ, ಲ್ಯಾಟಿನ್ ಪಾಠದ ಆ ಹೆಸರನ್ನು ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಾಗಿದೆ. 1988ರಿಂದ ಜತೆಗಿರುವ ಎಫ್‌ಎಡಬ್ಲ್ಯು ಸಂಸ್ಥೆಯೊಂದಿಗೆ ತಯಾರಾಗುವ ಉಂಗುರದ ಕಾರುಗಳು ಅದೇ ಮಾರುಕಟ್ಟೆಯಲ್ಲಿ, ಬೇರೆ ಮಳಿಗೆಗಳಲ್ಲಿ ಮಾರಾಟವಾಗುತ್ತಿವೆ.